ಅತ್ತೆಯವರ ಕಾಲು ಮತ್ತು ಬಸ್ಸಾರಿನ ಕಟ್ಟು

ಅಡುಗೆಮನೆಯಲ್ಲೇ ದಿನ ಕಳೆಯುವ ನಮ್ಮಂಥವರಿಗೆ ಗಾಯವೇನು ಹೊಸ ನೆಂಟನಲ್ಲ. ಈಳಿಗೆಮಣೆಯಲ್ಲಿ ಹುರುಳಿಕಾಯಿ ಹೆಚ್ಚುವಾಗ ಬೆರಳು ಕೊಯ್ದುಕೊಳ್ಳುತ್ತೇವೆ, ತುರಿಮಣೆಯ ಹಲ್ಲಿಗೆ ಹೆಬ್ಬೆರಳು ತರಚಿಕೊಳ್ಳುತ್ತೇವೆ, ಒಗ್ಗರಣೆಯ ಸಾಸಿವೆ ಸಿಡಿದು ಕೈತುಂಬ ಚುಕ್ಕೆ ಬೀಳಿಸಿಕೊಳ್ಳುತ್ತೇವೆ. ಚಿಟಿಕೆ ಅರಿಶಿನ ಮೆತ್ತಿ, ಹಳೆ ಸೀರೆಯ ಚಿಂದಿ ಸುತ್ತಿ ಮತ್ತೆ ಒಲೆಯ ಮುಂದೆ ನಿಂತರಾಯಿತು. ನಾಲ್ಕಾರು ದಿನ ಕಳೆದರೆ ಗಾಯ ಎಲ್ಲಿತ್ತು ಅಂತ ಹುಡುಕಬೇಕು. ಮಾಯುವುದು ಗಾಯದ ಧರ್ಮ ಅಂತಲೇ ನಾವು ತಿಳಿದಿದ್ದೇವೆ. ಅದನ್ನು ಮಾಯಿಸುವವರು ಯಾರು, ಹೇಗೆ ಅಂತ ಯೋಚಿಸುವುದಕ್ಕೆ ಪುರುಸೊತ್ತಾದರೂ ಎಲ್ಲಿದೆ ಹೇಳಿ?

ಮಾಯದ ಗಾಯವೊಂದು ಮನೆಗೆ ಬಂದಾಗಲೇ ಆ ಯೋಚನೆ ಬರುವುದು. ನಮ್ಮ ಮನೆಗೆ ಅದು ಬಂದದ್ದು 2024ರ ಯುಗಾದಿ ಕಳೆದ ವಾರ, ನಮ್ಮತ್ತೆಯವರ ಬಲಗಾಲಿನ ಹೆಬ್ಬೆರಳ ಬುಡಕ್ಕೆ.

ಅತ್ತೆಯವರಿಗೆ ಆಗ 71. ಸಕ್ಕರೆ ಕಾಯಿಲೆ ಬಂದು 18 ವರ್ಷ. ನಮ್ಮದು ತಿಪಟೂರು ಸೀಮೆಯ ತೋಟದ ಮನೆ. ಹಿತ್ತಲ ತುಂಬ ಕಾಯಿಮಟ್ಟೆ, ಕರಟ. ಕರಟದ ಚೂರೊಂದು ಪಾದಕ್ಕೆ ಹೊಕ್ಕಿದೆ, ಅವರಿಗೆ ಗೊತ್ತೇ ಆಗಿಲ್ಲ! ಜಮಖಾನದ ಮೇಲೆ ಕಂದು ಕಲೆ ಕಂಡು ನಾನು "ಇದೇನತ್ತೆ?" ಅಂದರೆ, "ಎಲೆಯಡಿಕೆ ರಸ ಬಿದ್ದಿರ್ಬೇಕು ಬಿಡೇ" ಅಂದರು. ಕಾಲು ತಿರುಗಿಸಿ ನೋಡಿದರೆ ಎಂಟಾಣೆ ನಾಣ್ಯದಷ್ಟು ಅಗಲ ಚರ್ಮ ಕಿತ್ತು ಬಂದಿದೆ. ನೋವಿಲ್ಲದ ಗಾಯ ಒಳ್ಳೆಯದೇ ಅಲ್ಲವೇ ಅನ್ನಬೇಡಿ. ಸಕ್ಕರೆ ಬಹಳ ವರ್ಷ ಮೈಯಲ್ಲಿ ನಿಂತರೆ ಪಾದದ ನರಗಳು ಮಂಕಾಗುತ್ತವೆ. ಮುಳ್ಳು ಚುಚ್ಚಿದ್ದೂ ತಿಳಿಯದು, ಬಿಸಿನೀರು ಸುಟ್ಟದ್ದೂ ತಿಳಿಯದು. ನೋವು ಅನ್ನುವುದು ಮನೆ ಕಾಯುವ ನಾಯಿ ಇದ್ದ ಹಾಗೆ. ಅದು ಬೊಗಳುವುದನ್ನು ಬಿಟ್ಟ ಮನೆಗೆ ಯಾರು ಬೇಕಾದರೂ ನುಗ್ಗಬಹುದು.

ಅವತ್ತಿನಿಂದ ದಿನ ಬಿಟ್ಟು ದಿನ ಡ್ರೆಸಿಂಗು. ಮೇ ಹೋಯಿತು, ಜೂನ್ ಹೋಯಿತು, ಆಷಾಢವೂ ಕಳೆಯಿತು. ಗಾಯ ಮಾತ್ರ ಇದ್ದಲ್ಲೇ ಇದೆ. ಕೆಂಪು ಮಾಂಸ ತೋರಿಸುವುದಿಲ್ಲ, ಹಳದಿಗಟ್ಟಿದ ಒದ್ದೆ ಗುಳಿ. ಅಂಚಿನಲ್ಲಿ ದಪ್ಪ ಬಿಳೀ ಚರ್ಮ. ನಮ್ಮೂರ ಡಾಕ್ಟರು ಒಂದು ದಿನ ನನ್ನನ್ನು ಹೊರಗೆ ಕರೆದು, "ಮೂಳೆಗೆ ಮುಟ್ಟಿದರೆ ಬೆರಳು ಉಳಿಸೋದು ಕಷ್ಟ ಆಗುತ್ತಮ್ಮ" ಅಂದರು. ಆ ರಾತ್ರಿ ನನಗೂ ಇವರಿಗೂ ನಿದ್ದೆ ಇಲ್ಲ.

ಗಾಯ ಮಾಯುವುದು ಹೇಗೆ ಅಂತ ನಾನು ತಿಳಿಯಹೊರಟದ್ದು ಆಗಲೇ. ತಿಳಿದಷ್ಟನ್ನು ನನ್ನ ಮಾತಿನಲ್ಲೇ ಹೇಳುತ್ತೇನೆ. ಮಳೆಗಾಲದಲ್ಲಿ ಹಳೆ ಮನೆಯ ಮಣ್ಣಿನ ಗೋಡೆ ಕುಸಿದರೆ ಏನು ಮಾಡುತ್ತೇವೆ? ಮೊದಲು ಕೈಗೆ ಸಿಕ್ಕಿದ ಗೋಣಿತಟ್ಟು ಅಡ್ಡ ಹಾಕಿ ತೂತು ಮುಚ್ಚುತ್ತೇವೆ. ರಕ್ತ ಹೆಪ್ಪುಗಟ್ಟುವುದು ಅಂದರೆ ಅದೇ. ರಕ್ತದಲ್ಲಿರುವ ಪ್ಲೇಟ್‌ಲೆಟ್ ಅನ್ನುವ ಕಿರುಬಿಲ್ಲೆಗಳು ಓಡಿ ಬಂದು ಒಂದಕ್ಕೊಂದು ಅಂಟಿಕೊಂಡು ಬಾಯಿ ಮುಚ್ಚುತ್ತವೆ. ಆಮೇಲೆ ಕುಸಿದ ಮಣ್ಣು, ಕೊಳೆತ ಗಳು ಎಲ್ಲ ಎತ್ತಿ ಹಾಕುವ ಕೆಲಸ. ಅದಕ್ಕೆ ಬಿಳಿ ರಕ್ತಕಣಗಳು ಬರುತ್ತವೆ. ಗಾಯ ಕೆಂಪಾಗಿ ಊದಿ ಬಿಸಿಯಾಗುವುದು ಈ ಗಲಾಟೆಯಿಂದಲೇ. ಅವುಗಳಲ್ಲಿ ಮ್ಯಾಕ್ರೋಫೇಜ್ ಅಂತ ಒಂದು ಜಾತಿ ಇದೆ. ಮೊದಲು ಕಸ ತಿನ್ನುತ್ತವೆ, ಕಸ ಮುಗಿದ ಮೇಲೆ ತಮ್ಮ ಸ್ವಭಾವವನ್ನೇ ಬದಲಾಯಿಸಿಕೊಂಡು "ಇನ್ನು ಕಟ್ಟಿರಪ್ಪ" ಅಂತ ಸನ್ನೆ ಕೊಡುತ್ತವೆ. ಆ ಸನ್ನೆ ಸಿಕ್ಕಿದ ಮೇಲೆ ಸಾಮಾನು ತರುವ ದಾರಿ, ಅಂದರೆ ಹೊಸ ರಕ್ತನಾಳ ಹುಟ್ಟುತ್ತದೆ. ಕೊಲಾಜೆನ್ ಅನ್ನುವ ಎಳೆಗಳನ್ನು ನೇಯುವ ಕೋಶಗಳು ಗುಳಿ ತುಂಬುತ್ತವೆ. ಅಂಚಿನ ಚರ್ಮ ಹರಿದುಕೊಂಡು ಬಂದು ಮೇಲೆ ಮುಚ್ಚುತ್ತದೆ. ಸುಣ್ಣ ಬಳಿಯುವ ಕೆಲಸ ಮಾತ್ರ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷದ ಮೇಲೂ ನಡೆಯುತ್ತದಂತೆ. ಅಷ್ಟೆಲ್ಲ ಆದರೂ ಮಾದ ಜಾಗಕ್ಕೆ ಹಳೆಯ ಚರ್ಮದ ಶೇಕಡಾ 80ರಷ್ಟು ಗಟ್ಟಿತನ ಬಂದರೆ ಅದೇ ಹೆಚ್ಚು.

ಸಕ್ಕರೆ ಕಾಯಿಲೆಯವರ ಗಾಯ ಈ ಎರಡನೆಯ ಹಂತದಲ್ಲೇ ಸಿಕ್ಕಿಕೊಂಡು ಬಿಡುತ್ತದೆ. ಕಸ ಎತ್ತುವವರು ಎತ್ತುತ್ತಲೇ ಇದ್ದಾರೆ, ಕಿತ್ತಾಡುತ್ತಲೇ ಇದ್ದಾರೆ. "ಇನ್ನು ಕಟ್ಟಿರಪ್ಪ" ಅನ್ನುವ ಕೂಗು ಮಾತ್ರ ಬರುವುದೇ ಇಲ್ಲ.

ಹೀಗಿರುವಾಗ ನನ್ನ ಮೈದುನ ಬೆಂಗಳೂರಿನಿಂದ ಒಂದು ಬಣ್ಣದ ಕಾಗದ ಹಿಡಿದುಕೊಂಡು ಬಂದ. ಯಾವುದೋ ಕ್ಲಿನಿಕ್ಕಿನದು. ಸ್ಟೆಮ್ ಸೆಲ್ ಇಂಜೆಕ್ಷನ್ ಅಂತೆ. ಆಕರಕೋಶ ಅಂತ ಪತ್ರಿಕೆಗಳಲ್ಲಿ ಬರೆಯುತ್ತಾರಲ್ಲ, ಅದೇ. ಮೂರು ಸಲ ಹಾಕಿಸಿದರೆ ಗಾಯದ ಜಾಗದಲ್ಲಿ ಹೊಸ ಚರ್ಮವೇ ಹುಟ್ಟುತ್ತದೆ, ಖರ್ಚು 2.5 ಲಕ್ಷ. "ಅಮ್ಮನ ಕಾಲಿಗಿಂತ ದುಡ್ಡು ಹೆಚ್ಚೇ ಅತ್ತಿಗೆ?" ಅಂದ. ಅವನ ಕಣ್ಣಲ್ಲೂ ನೀರಿತ್ತು. ಸುಳ್ಳು ಹೇಳುವವನಲ್ಲ, ಅವನಿಗೆ ಹೇಳಿದವರು ಹಾಗೆ ಹೇಳಿದ್ದರು. ಅತ್ತೆಯವರು ಮಾತಾಡದೆ ಎದ್ದು ಕುಂಟುತ್ತಾ ಒಳಗೆ ಹೋಗಿ, ಟ್ರಂಕಿನ ತಳದಿಂದ ಕಾಸಿನ ಸರ ತಂದು ನಡುಮನೆಯಲ್ಲಿಟ್ಟರು.

ಆ ಕಾಸಿನ ಸರದ ಕತೆ ಹೇಳದಿದ್ದರೆ ಮುಂದಿನದು ಅರ್ಥವಾಗದು. ಅದನ್ನು ಅತ್ತೆಯವರು ಮಗಳ ಮಗಳಿಗೆ, ಅಂದರೆ ನನ್ನ ನಾದಿನಿಯ ಮಗಳು ಪುಟ್ಟಿಯ ಮದುವೆಗೆ ಅಂತ ತೆಗೆದಿಟ್ಟದ್ದು. ಊರಿಗೆಲ್ಲ ಗೊತ್ತಿರುವ ವಿಷಯ. ಇನ್ನು ಆ ಪುಟ್ಟಿ ಏನು ಮಾಡುತ್ತಾಳೆ ಗೊತ್ತೇ? ಎಂ.ಎಸ್ಸಿ. ಮುಗಿಸಿ ಮೈಸೂರಿನಲ್ಲಿ ಒಂದು ಲ್ಯಾಬಿನಲ್ಲಿ ಇದೇ ಸ್ಟೆಮ್ ಸೆಲ್ಲುಗಳನ್ನು ಸಾಕುತ್ತಾಳೆ! ಗೌರಿ ಹಬ್ಬಕ್ಕೆ ಅವಳು ಬರುವವರೆಗೆ ತಡೆಯೋಣ ಅಂತ ಇವರು ಹೇಳಿದರು. ಮೈದುನನಿಗೆ ಅಷ್ಟು ಇಷ್ಟವಿರಲಿಲ್ಲ.

ಪುಟ್ಟಿ ಬಂದಳು. ಅವಳಿಗೆ ನಾನು ಅತ್ತೆ, ನನಗೆ ಅವಳ ಅಜ್ಜಿ ಅತ್ತೆ. ನಮ್ಮ ಮನೆಯಲ್ಲಿ "ಅತ್ತೆ" ಅಂದರೆ ಇಬ್ಬರು ತಿರುಗಿ ನೋಡುತ್ತೇವೆ, ಇರಲಿ. ಕಾಗದ ಓದಿ ಅವಳು ಮೊದಲು ಹೇಳಿದ ಮಾತು: "ಈ ಕೋಶಗಳು ಹೊಸ ಚರ್ಮ ಆಗೋದಿಲ್ಲ ಅತ್ತೆ. ಗಾಯಕ್ಕೆ ಹಾಕಿದರೆ ಬಹುಪಾಲು ಕೆಲವೇ ದಿನಗಳಲ್ಲಿ ಸತ್ತುಹೋಗ್ತವೆ."

"ಹಾಗಾದರೆ ಇದೆಲ್ಲ ಮೋಸವೇ?" ಅಂದೆ.

"ಅದೂ ಅಲ್ಲ. ನೀವು ಬಸ್ಸಾರು ಮಾಡ್ತೀರಲ್ಲ..."

ನಮ್ಮ ಕಡೆಯ ಬಸ್ಸಾರು ಗೊತ್ತಿಲ್ಲದವರಿಗಾಗಿ ಒಂದು ಮಾತು. ತೊಗರಿಬೇಳೆ ಇಲ್ಲವೇ ಹಸಿ ಅವರೆಕಾಳನ್ನು ಸೊಪ್ಪಿನೊಂದಿಗೆ ಬೇಯಿಸಿ, ನೀರನ್ನು ಬಸಿದುಕೊಳ್ಳುವುದು. ಬಸಿದ ನೀರಿಗೆ ಕಟ್ಟು ಅಂತ ಹೆಸರು. ಕಾಳು ಸೊಪ್ಪು ಪಲ್ಯಕ್ಕೆ. ಕಟ್ಟಿಗೆ ಹುರಿದ ಈರುಳ್ಳಿ, ಬೆಳ್ಳುಳ್ಳಿ, ಮೆಣಸು, ಜೀರಿಗೆ, ಕಾಯಿ ರುಬ್ಬಿ ಹಾಕಿ, ಹುಣಿಸೆ ಹಿಂಡಿ ಕುದಿಸಿದರೆ ಸಾರು. ಮುದ್ದೆಗೆ ಇದಕ್ಕಿಂತ ಬೇರೆ ಬೇಡ. ಹೊಸ ಸೊಸೆಯರು ತಿಳಿಯದೆ ಕಟ್ಟನ್ನು ಚೆಲ್ಲಿಬಿಟ್ಟು ಅತ್ತೆಯರ ಬಾಯಿಗೆ ಬೀಳುವುದುಂಟು.

ಪುಟ್ಟಿಯ ಲ್ಯಾಬಿನಲ್ಲಿ ಕೋಶಗಳು ಚಪ್ಪಟೆ ಬಾಟಲಿಗಳಲ್ಲಿ, ನಮ್ಮ ಮೈಬಿಸಿಯಷ್ಟೇ ಬಿಸಿಯಿರುವ ಪೆಟ್ಟಿಗೆಯಲ್ಲಿ ಬೆಳೆಯುತ್ತವಂತೆ. ಮೂಳೆಯೊಳಗಿನ ಮಜ್ಜೆಯಿಂದ, ಕೊಬ್ಬಿನಿಂದ, ಹೆರಿಗೆಯಾದ ಮೇಲೆ ಎಸೆಯುವ ಹೊಕ್ಕುಳಬಳ್ಳಿಯಿಂದ ಅವನ್ನು ತೆಗೆಯುತ್ತಾರೆ. ಗುಲಾಬಿ ಬಣ್ಣದ ಪೋಷಕ ದ್ರವ ಹಾಕಿ ಎರಡು ಮೂರು ದಿನಕ್ಕೊಮ್ಮೆ ಹಳೆಯದನ್ನು ಬಸಿದು ಹೊಸದು ತುಂಬಬೇಕು. ಬಸಿದದ್ದನ್ನು ಎಲ್ಲ ಲ್ಯಾಬಿನವರೂ ಚೆಲ್ಲುತ್ತಿದ್ದರು. ಕೋಶ ಮುಖ್ಯ, ನೀರಿನಲ್ಲೇನಿದೆ ಅಂತ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 2008ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ಈ ಬಸಿದ ದ್ರವವನ್ನು ಇಲಿಗಳ ಗಾಯಕ್ಕೆ ಹಾಕಿ ನೋಡಿದರು. ಅದರಲ್ಲಿ ಒಂದು ಕೋಶವೂ ಇಲ್ಲ, ಬರೀ ಕಟ್ಟು. ಗಾಯ ಬೇಗ ಮುಚ್ಚಿತು! ಆ ಮ್ಯಾಕ್ರೋಫೇಜುಗಳು, ರಕ್ತನಾಳ ಕಟ್ಟುವ ಕೋಶಗಳು ಗಾಯದೊಳಕ್ಕೆ ಹೆಚ್ಚಾಗಿ ಬಂದು ಸೇರಿದ್ದವು. ಸತ್ವ ಇದ್ದದ್ದು ಕಾಳಿನಲ್ಲಿ ಮಾತ್ರ ಅಲ್ಲ, ಕಟ್ಟಿನಲ್ಲಿ.

ಈ ಕೋಶಗಳಿಗೆ 1991ರಲ್ಲಿ ಮೆಸೆಂಕೈಮಲ್ ಸ್ಟೆಮ್ ಸೆಲ್ ಅಂತ ಹೆಸರಿಟ್ಟವರು ಅಮೆರಿಕದ ಆರ್ನಾಲ್ಡ್ ಕ್ಯಾಪ್ಲನ್. ಅವರೇ 2017ರಲ್ಲಿ, ಈ ಹೆಸರು ಬದಲಾಯಿಸಬೇಕು, ಇವು ಮೈಯೊಳಗೆ ಹೊಸ ಅಂಗಾಂಶವಾಗಿ ಬೆಳೆಯುವ ಕೋಶಗಳಲ್ಲ, ಔಷಧದಂಥ ಸಂದೇಶಗಳನ್ನು ಸುರಿಸುವ ಕೋಶಗಳು ಅಂತ ಬರೆದರಂತೆ. ತಾನೇ ನಾಮಕರಣ ಮಾಡಿದ ಮಗುವಿಗೆ 26 ವರ್ಷದ ಮೇಲೆ ಹೆಸರು ಬದಲಿಸಿ ಅನ್ನುವುದಕ್ಕೆ ದೊಡ್ಡ ಮನಸ್ಸು ಬೇಕು ಅಂತ ನನಗೆ ಅನ್ನಿಸಿತು.

ಆ ದ್ರವದಲ್ಲಿ ಏನೇನಿದೆ? ರಕ್ತನಾಳಗಳನ್ನು ಚಿಗುರಿಸುವ ಪ್ರೋಟೀನು ಒಂದು, ಮೇಲ್ಚರ್ಮವನ್ನು ಓಡಿಸಿಕೊಂಡು ಬರುವುದು ಇನ್ನೊಂದು, ಉರಿಯೂತದ ಗಲಾಟೆ ಅಡಗಿಸುವುದು ಮತ್ತೊಂದು. ಅದರ ಜೊತೆಗೆ ಎಕ್ಸೋಸೋಮ್ ಅನ್ನುವ ಪುಟಾಣಿ ಚೀಲಗಳು. ಕೂದಲೆಳೆಯ ಅಗಲದಲ್ಲಿ ನೂರಾರು ಚೀಲ ಸಾಲಾಗಿ ಕೂರಬಹುದು. ಒಂದು ಕೋಶ ಇನ್ನೊಂದು ಕೋಶಕ್ಕೆ ಬರೆದ ಕಾಗದಗಳನ್ನು ಅದರೊಳಗೆ ಮಡಿಸಿ ಇಟ್ಟಿರುತ್ತದೆ ಅನ್ನಿ. 1980ರ ದಶಕದಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ರೋಸ್ ಜಾನ್‌ಸ್ಟೋನ್ ಅನ್ನುವ ಹೆಣ್ಣುಮಗಳು ಕುರಿಯ ಎಳೆ ರಕ್ತಕಣಗಳನ್ನು ನೋಡುವಾಗ ಈ ಚೀಲಗಳು ಕಂಡವು. 1987ರಲ್ಲಿ ಈ ಹೆಸರು ಬಂತು. ಕೋಶ ತನಗೆ ಬೇಡವಾದ ಕಸವನ್ನು ಕಟ್ಟಿ ಎಸೆಯುವ ಚೀಲ ಇದು ಅಂತ ಬಹಳ ಕಾಲ ತಿಳಿದಿದ್ದರಂತೆ. ಕಸ ಅಂದುಕೊಂಡದ್ದೇ ಕಾಗದ ಪತ್ರ!

ಇಷ್ಟು ಹೊತ್ತು ಸುಮ್ಮನೆ ಕೇಳುತ್ತಿದ್ದ ಅತ್ತೆಯವರು, "ಅಂದ್ರೆ ನಮ್ಮ ಸೋದರತ್ತೆ ಇದ್ದಂಗೆ ಅನ್ನು" ಅಂದರು. "ಮದ್ವೆ ಮನೆಗೆ ಬಂದ್ರೆ ಒಂದು ಸೌಟು ಮುಟ್ತಿರ್ಲಿಲ್ಲ. ಕಂಬಕ್ಕೊರಗಿ ಕೂತು, ಏಯ್ ಎಲೆ ಹಾಕ್ರೋ, ಏಯ್ ಅನ್ನ ಇಳಿಸ್ರೇ ಅಂತ ಕೂಗೋಳು. ಮೂರು ದಿನ ಇದ್ದು ಹೋಗೋಳು. ಅವಳು ಬರ್ದಿದ್ರೆ ಒಂದು ಕೆಲ್ಸ ನಡೀತಿರ್ಲಿಲ್ಲ." ಪುಟ್ಟಿ ನಕ್ಕು ನಕ್ಕು ಸುಸ್ತಾದಳು. ಲ್ಯಾಬಿನಲ್ಲಿ ಇದನ್ನೇ ಹೇಳುತ್ತೇನೆ ಅಜ್ಜಿ ಅಂದಳು.

ಬೆರಳು ಸುಟ್ಟರೆ ತಟ್ಟನೆ ಬಾಯಿಗಿಡುತ್ತೇವಲ್ಲ, ನಾಯಿ ತನ್ನ ಗಾಯ ನೆಕ್ಕಿಕೊಳ್ಳುತ್ತದಲ್ಲ, ಅದಕ್ಕೂ ಇಲ್ಲೊಂದು ನಂಟಿದೆ. ಅಮೆರಿಕದ ಸ್ಟ್ಯಾನ್ಲಿ ಕೊಹೆನ್ ಗಂಡು ಇಲಿಯ ಜೊಲ್ಲುಗ್ರಂಥಿಯ ಸಾರವನ್ನು ಆಗ ತಾನೇ ಹುಟ್ಟಿದ ಮರಿಗಳಿಗೆ ಚುಚ್ಚಿ ನೋಡಿದಾಗ, ಅವು ಹೊತ್ತಿಗೆ ಮುಂಚೆಯೇ ಕಣ್ಣು ಬಿಟ್ಟವು. ಆ ಸಾರದಲ್ಲಿ ಚರ್ಮದ ಕೋಶಗಳನ್ನು ಬೆಳೆಸುವ ಅಂಶವೊಂದಿತ್ತು. ಇ.ಜಿ.ಎಫ್. ಅಂತ ಅದರ ಹೆಸರು. ಅದಕ್ಕಾಗಿ 1986ರ ನೊಬೆಲ್ ಬಹುಮಾನ ಬಂತು. ಅದನ್ನು ಹಂಚಿಕೊಂಡವರು ರೀಟಾ ಲೆವಿ ಮೊಂಟಾಲ್ಚಿನಿ. ನರಗಳನ್ನು ಬೆಳೆಸುವ ಅಂಶ ಕಂಡುಹಿಡಿದವರು. ಆಕೆಯ ಕತೆ ನಮ್ಮ ಹೆಣ್ಣುಮಕ್ಕಳು ಓದಲೇಬೇಕು. ಇಟಲಿಯಲ್ಲಿ 1938ರ ಕಾನೂನುಗಳು ಯಹೂದ್ಯರನ್ನು ಕೆಲಸದಿಂದ ಹೊರಗೆ ಹಾಕಿದಾಗ, ಆಕೆ ಟ್ಯೂರಿನ್ನಿನ ತಮ್ಮ ಮಲಗುವ ಕೋಣೆಯನ್ನೇ ಪ್ರಯೋಗಶಾಲೆ ಮಾಡಿಕೊಂಡರು. ಹೊಲಿಗೆ ಸೂಜಿಯನ್ನು ಸಾಣೆ ಹಿಡಿದು ಚಾಕು ಮಾಡಿಕೊಂಡು ಕೋಳಿಮೊಟ್ಟೆಯೊಳಗಿನ ಭ್ರೂಣದ ಮೇಲೆ ಕೆಲಸ. ಯುದ್ಧಕಾಲ, ಉಳಿದ ಮೊಟ್ಟೆ ಅಡುಗೆಮನೆಗೆ. 103 ವರ್ಷ ಬದುಕಿ 2012ರಲ್ಲಿ ತೀರಿಕೊಂಡರು. ಅಂದಹಾಗೆ ಜೊಲ್ಲಿನ ಮಾತು ಕೇಳಿ ಯಾರೂ ಸಕ್ಕರೆ ಕಾಯಿಲೆಯವರ ಗಾಯಕ್ಕೆ ಎಂಜಲು ಹಚ್ಚಲು ಹೋಗಬೇಡಿ. ಬಾಯಲ್ಲಿ ಒಳ್ಳೆಯದರ ಜೊತೆಗೆ ಲಕ್ಷಾಂತರ ಕೀಟಾಣುಗಳೂ ಇವೆ. ಆ ಇ.ಜಿ.ಎಫ್. ಅಂಶವನ್ನೇ ಶುದ್ಧವಾಗಿ ತಯಾರಿಸಿ, ಸಕ್ಕರೆ ಕಾಯಿಲೆಯವರ ಪಾದದ ಹುಣ್ಣಿಗೆ ಹಚ್ಚುವ ಜೆಲ್ ಆಗಿ ಹೈದರಾಬಾದಿನ ಭಾರತ್ ಬಯೋಟೆಕ್ ಕಂಪನಿ ತಂದಿದೆ. ಡಾಕ್ಟರು ಬರೆದುಕೊಟ್ಟರೆ ಸಿಗುತ್ತದೆ. ಅದು ಒಬ್ಬನೇ ಹಾಡುಗಾರನಿದ್ದ ಹಾಗೆ. ಸ್ಟೆಮ್ ಸೆಲ್ಲಿನ ಕಟ್ಟಿನಲ್ಲಿ ಇಡೀ ಭಜನಾಮಂಡಳಿಯೇ ಇದೆ.

"ಇಷ್ಟೆಲ್ಲ ಒಳ್ಳೆಯದು ಅಂತ ನೀನೇ ಹೇಳ್ತೀಯ. ಮತ್ತೆ ಇಂಜೆಕ್ಷನ್ ಯಾಕೆ ಬೇಡ?" ಅಂತ ಮೈದುನ ಕೇಳಿದ. ನ್ಯಾಯವಾದ ಪ್ರಶ್ನೆಯೇ.

ಪುಟ್ಟಿ ಸಮಾಧಾನವಾಗಿ ಹೇಳಿದಳು. ಒಬ್ಬೊಬ್ಬರು ಮಾಡಿದ ಬಸ್ಸಾರು ಒಂದೊಂದು ರುಚಿ ಇರುವ ಹಾಗೆ, ಕೋಶ ಯಾರದು, ಏನು ತಿನ್ನಿಸಿ ಬೆಳೆಸಿದ್ದು, ಎಷ್ಟು ದಿನ ಬಿಟ್ಟು ಬಸಿದದ್ದು ಅನ್ನುವುದರ ಮೇಲೆ ಕಟ್ಟಿನ ಗುಣ ಬದಲಾಗುತ್ತದೆ. ಸಾರಾದರೆ ಉಪ್ಪು ಹೆಚ್ಚಾಯಿತು ಅಂತ ನೀರು ಬೆರೆಸಬಹುದು, ಮೈಗೆ ಹೋದ ಮದ್ದಿಗೆ ಏನು ಬೆರೆಸುತ್ತೀರಿ? ಬೆಳೆಸುವ ಸಂದೇಶ ಅಂದಮೇಲೆ ಬೆಳೆಯಬಾರದ್ದು ಎಲ್ಲಾದರೂ ಅಡಗಿದ್ದರೆ ಅದಕ್ಕೂ ಕೇಳಿಸೀತೇ ಅನ್ನುವುದನ್ನು ವರ್ಷಗಟ್ಟಲೆ ನೋಡಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಸ್ಪಷ್ಟವಾಗಿದೆ: ರಕ್ತದ ಕೆಲವು ಕಾಯಿಲೆಗಳಂಥ ಒಪ್ಪಿಗೆ ಸಿಕ್ಕ ಬಳಕೆಗಳನ್ನು ಬಿಟ್ಟರೆ, ಸ್ಟೆಮ್ ಸೆಲ್ ಕೊಡುವುದು ನೋಂದಾಯಿತ ಪ್ರಯೋಗದಲ್ಲಿ ಮಾತ್ರ. ಪ್ರಯೋಗ ಅಂದಮೇಲೆ ರೋಗಿಯಿಂದ ಹಣ ಕೇಳುವ ಹಾಗಿಲ್ಲ. ಎಕ್ಸೋಸೋಮಿನ ವಿಷಯದಲ್ಲಿ ಅಮೆರಿಕದ ಔಷಧ ಇಲಾಖೆ 2019ರ ಡಿಸೆಂಬರಿನಲ್ಲೇ ಎಚ್ಚರಿಕೆ ಹೊರಡಿಸಿತ್ತು. ನೆಬ್ರಾಸ್ಕಾ ರಾಜ್ಯದಲ್ಲಿ ಒಪ್ಪಿಗೆಯಿಲ್ಲದ ಎಕ್ಸೋಸೋಮ್ ಹಾಕಿಸಿಕೊಂಡವರಿಗೆ ಗಂಭೀರ ತೊಂದರೆಗಳಾಗಿದ್ದವು. (ಬ್ಯೂಟಿ ಪಾರ್ಲರುಗಳಲ್ಲಿ ಈಗ ಎಕ್ಸೋಸೋಮ್ ಫೇಶಿಯಲ್ ಅಂತ ಬೋರ್ಡು ಹಾಕುತ್ತಾರೆ. ಮದುವೆ ಹತ್ತಿರ ಬಂದ ಮನೆಯವರು ಸ್ವಲ್ಪ ಕೇಳಿ ತಿಳಿದು ಕೂರುವುದು ವಾಸಿ.)

ಹಾಗಂತ ಯಾವುದಕ್ಕೂ ಒಪ್ಪಿಗೆ ಇಲ್ಲವೆಂದಲ್ಲ. ನಮ್ಮ ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆ ಆರೋಗ್ಯವಂತರ ಮೂಳೆಮಜ್ಜೆಯಿಂದ ಬೆಳೆಸಿದ ಕೋಶಗಳ ಔಷಧಕ್ಕೆ 2020ರಲ್ಲಿ ಕೇಂದ್ರದ ಔಷಧ ನಿಯಂತ್ರಕರು ಅನುಮತಿ ಕೊಟ್ಟಿದ್ದಾರೆ. ಅದು ಕಾಲಿನ ರಕ್ತನಾಳ ವಿಪರೀತ ಮುಚ್ಚಿಹೋಗಿ ಕಾಲೇ ಕಳೆದುಕೊಳ್ಳುವ ಸ್ಥಿತಿಗೆ ಬಂದವರಿಗೆ, ಮೀನಖಂಡದೊಳಕ್ಕೆ ಕೊಡುವಂಥದ್ದು. ಎಲ್ಲ ಸಕ್ಕರೆ ಹುಣ್ಣಿಗೂ ಅಲ್ಲ. ಮೈದುನ ತಂದ ಕಾಗದದಲ್ಲಿ ಆ ಹೆಸರೂ ಇರಲಿಲ್ಲ, ಯಾವ ಅನುಮತಿಯ ಸಂಖ್ಯೆಯೂ ಇರಲಿಲ್ಲ.

ಆಗ ಮೈದುನ ಒಂದು ಮಾತು ಆಡಿಬಿಟ್ಟ. "ಕಾಸಿನ ಸರ ಯಾರಿಗೆ ಅಂತ ಎಲ್ಲರಿಗೂ ಗೊತ್ತು. ಉಳಿಸಿಕೊಳ್ಳೋರು ಉಳಿಸಿಕೊಳ್ಳೋ ಮಾತೇ ಆಡ್ತಾರೆ."

ಹಬ್ಬದ ಮನೆ ಮಸಣದ ಹಾಗೆ ನಿಶ್ಶಬ್ದವಾಯಿತು. ಪುಟ್ಟಿಯ ಮುಖ ಕಪ್ಪಿಟ್ಟಿತು. ನಾನು ಅವಳು ಅಳುತ್ತಾಳೆ ಅಂದುಕೊಂಡೆ. ಅವಳು ಸರವನ್ನು ಎತ್ತಿ ಮಾವನ ಕೈಗೇ ಕೊಟ್ಟಳು. "ಇದನ್ನ ಇಟ್ಟೇ ಅಜ್ಜಿ ಕಾಲು ನೋಡ್ಸಿ ಮಾವ. ಆದರೆ ಮೊದಲು ಕಾಲಿಗೆ ರಕ್ತ ಇಳೀತಾ ಇದೆಯೋ ಇಲ್ಲವೋ ನೋಡ್ಸಿ. ಕೂಗೋರು ಎಷ್ಟು ಕೂಗಿದ್ರೂ ಸಾಮಾನು ಬರೋ ದಾರೀನೇ ಮುಚ್ಚಿದ್ರೆ ಯಾರು ಏನು ಕಟ್ಟಕ್ಕಾಗ್ತದೆ?"

ಐದು ತಿಂಗಳಲ್ಲಿ ಯಾರೂ ಅದನ್ನು ನೋಡಿರಲಿಲ್ಲ. ಬೆಂಗಳೂರಿನ ದೊಡ್ಡ ಆಸ್ಪತ್ರೆಯ ಡಾಕ್ಟರು ಅತ್ತೆಯವರ ಪಾದದ ಮೇಲೆ, ಕಣಕಾಲಿನ ಹಿಂದೆ ಬೆರಳಿಟ್ಟು ನಾಡಿ ಹುಡುಕಿದರು. ಎಡಗಾಲಲ್ಲಿ ಸಿಕ್ಕಿತು, ಬಲಗಾಲಲ್ಲಿ ಇಲ್ಲ. ಡಾಪ್ಲರ್ ಸ್ಕ್ಯಾನ್ ಮಾಡಿದರೆ ಮಂಡಿಯ ಕೆಳಗಿನ ರಕ್ತನಾಳ ಹೆಚ್ಚೂಕಡಿಮೆ ಮುಚ್ಚಿದೆ. ತೊಡೆಯ ಸಂದಿನಿಂದ ಸಣ್ಣ ನಳಿಗೆ ಹಾಕಿ, ಬಲೂನು ಉಬ್ಬಿಸಿ ನಾಳ ಬಿಡಿಸಿದರು. ಹೃದಯಕ್ಕೆ ಮಾಡುವ ಆಂಜಿಯೋಪ್ಲಾಸ್ಟಿ ಅಂತೀವಲ್ಲ, ಅದೇ ಕಾಲಿಗೂ ಉಂಟು. ಕಾಸಿನ ಸರ ಅದಕ್ಕೇ ಗಿರವಿಗೆ ಹೋಯಿತು. ಸಹಕಾರಿ ಬ್ಯಾಂಕಿಗೆ ಹೋಗಿ ಇಟ್ಟು ಬಂದವನು ಮೈದುನನೇ. ಬಡ್ಡಿಯನ್ನೂ ತಿಂಗಳು ತಪ್ಪದೆ ಅವನೇ ಕಟ್ಟುತ್ತಿದ್ದಾನೆ. ಆವತ್ತಿನ ಮಾತನ್ನು ಮಾವನೂ ಎತ್ತಿಲ್ಲ, ಸೊಸೆಯೂ ಎತ್ತಿಲ್ಲ.

ನಾಳ ಬಿಡಿಸಿದ ಮೇಲೆ ಗಾಯದ ಬಣ್ಣ ಬದಲಾದದ್ದನ್ನು ನಾನೇ ಕಣ್ಣಾರೆ ಕಂಡೆ. ಮೂರನೆಯ ವಾರಕ್ಕೆ ಹಳದಿ ಹೋಗಿ ದಾಳಿಂಬೆ ಕಾಳಿನಂಥ ಕೆಂಪು ಹರಳುಗಳು ತಳದಲ್ಲಿ ಎದ್ದವು. ವಾರಕ್ಕೊಮ್ಮೆ ಡಾಕ್ಟರು ಅಂಚಿನ ಸತ್ತ ಚರ್ಮ ಕತ್ತರಿಸಿ ತೆಗೆಯುತ್ತಿದ್ದರು. ಹಾಗೆ ತೆಗೆದರೇ ಅಂಚಿನ ಜೀವಂತ ಚರ್ಮ ಮುಂದೆ ಹರಿಯುವುದಂತೆ. ಅದಕ್ಕಿಂತ ಕಷ್ಟವಾದದ್ದು ಕಾಲ ಮೇಲೆ ಭಾರ ಬೀಳದಂತೆ ನೋಡಿಕೊಳ್ಳುವುದು. ನೋವಿಲ್ಲದವರನ್ನು ಕೂರಿಸುವುದು ಹೇಗೆ ಹೇಳಿ? ನಾನು ಬಟ್ಟೆ ಒಣಹಾಕಿ ಬರುವಷ್ಟರಲ್ಲಿ ತುಳಸಿಕಟ್ಟೆಯ ಹತ್ತಿರ ನಿಂತಿರುತ್ತಿದ್ದರು. ಕೊನೆಗೆ ಡಾಕ್ಟರು ಬಿಚ್ಚಲಾಗದ ಹಾಗೆ ಮಂಡಿಯವರೆಗೆ ಪಟ್ಟು ಹಾಕಿಬಿಟ್ಟರು. ರಕ್ತದ ಹರಿವು ಸರಿಯಾದ ಮೇಲೆಯೇ ಅದನ್ನು ಹಾಕುವುದು. ದಿನಾ ಸಕ್ಕರೆ ನೋಡಿ ಬರೆದಿಡುವ ಪುಸ್ತಕ ಇವರ ಪಾಲಿಗೆ, ಮುದ್ದೆಯ ಅಳತೆ ನನ್ನ ಪಾಲಿಗೆ ಬಂತು. ಮುದ್ದೆ ಚಿಕ್ಕದಾಯಿತು ಅಂತ ನನ್ನ ಮೇಲೆ ಮುನಿಸು.

ಒಂದು ಸಲ ಫೋನಿನಲ್ಲಿ ಅತ್ತೆಯವರು ಮೊಮ್ಮಗಳನ್ನು ಕೇಳುತ್ತಿದ್ದರು, "ನಿನ್ನ ಆ ಕಟ್ಟು ಯಾವಾಗ್ಲೇ ಅಂಗಡಿಗೆ ಬರೋದು?" ಪುಟ್ಟಿ ವರ್ಷ ಇಷ್ಟು ಅಂತ ಹೇಳಲಿಲ್ಲವಂತೆ. ಬಸಿದ ದ್ರವವನ್ನು ಒಣಗಿಸಿ ಪುಡಿ ಮಾಡಿ, ಪಟ್ಟಿಯ ಬಟ್ಟೆಯಲ್ಲೇ ಸೇರಿಸಿ, ಗಾಯದೊಳಗೆ ನಿಧಾನವಾಗಿ ಬಿಡುಗಡೆಯಾಗುವಂತೆ ಮಾಡಲು ಹಲವು ಕಡೆ ನೋಡುತ್ತಿದ್ದಾರೆ ಅಂದಳಂತೆ. ಜೀವಂತ ಕೋಶವನ್ನು ಅತಿ ಶೀತದಲ್ಲಿ ಇಟ್ಟು ಸಾಗಿಸಬೇಕು, ಪುಡಿಯಾದರೆ ನಮ್ಮಂಥ ಊರಿನ ಆಸ್ಪತ್ರೆಯ ಬೀರುವಿನಲ್ಲೂ ಇಡಬಹುದು. "ಬರಲಿ ಬಿಡು, ಎಡಗಾಲಿಗೆ ಆದ್ರೂ ಆಯ್ತದೆ" ಅಂದರು ಅತ್ತೆ. ಅಯ್ಯೋ ಬಿಡ್ತು ಅನ್ನಿ ಅಂತ ನಾನು ಗದರಿದೆ.

2025ರ ಸಂಕ್ರಾಂತಿಗೆ ಮೂರು ದಿನ ಇರುವಾಗ ಗಾಯದ ಬಾಯಿ ಪೂರ್ತಿ ಮುಚ್ಚಿತು. ಬೆರಳು ಉಳಿಯಿತು. ಹೊಸ ಚರ್ಮ ಈರುಳ್ಳಿ ಪೊರೆಯಷ್ಟು ತೆಳು, ಹೊಳೆಯುತ್ತದೆ. ಈಗ ರಾತ್ರಿ ಮಲಗುವ ಮುಂಚೆ ಎರಡೂ ಪಾದಗಳನ್ನು ಬೆಳಕಿಗೆ ಹಿಡಿದು ಬೆರಳ ಸಂದಿಯೆಲ್ಲ ನೋಡುವುದು ನನ್ನ ಕೆಲಸ. ನಾನು ಊರಲ್ಲಿಲ್ಲದ ದಿನ ಅತ್ತೆಯವರೇ ನೆಲದ ಮೇಲೆ ಕನ್ನಡಿಯಿಟ್ಟು ಅಂಗಾಲು ನೋಡಿಕೊಳ್ಳುತ್ತಾರೆ.

ದೊಡ್ಡ ಜಗಳ ನಡೆದದ್ದು ಚಪ್ಪಲಿಯ ವಿಷಯಕ್ಕೆ. ಮೆತ್ತನೆಯ ಎಂ.ಸಿ.ಆರ್. ಚಪ್ಪಲಿಯನ್ನು ಮನೆಯೊಳಗೂ ಬಿಚ್ಚಬಾರದು ಅಂತ ಡಾಕ್ಟರ ಆಜ್ಞೆ. ಎಪ್ಪತ್ತು ವರ್ಷ ಹೊಸಿಲಾಚೆ ಚಪ್ಪಲಿ ಬಿಟ್ಟು ಬಂದವರು ಒಪ್ಪುತ್ತಾರೆಯೇ? ಅಡುಗೆಮನೆಗೆ, ದೇವರ ಮನೆಗೆ ಚಪ್ಪಲಿ ಮೆಟ್ಟುವುದೇ ಅಂತ ಎರಡು ದಿನ ಊಟ ಬಿಟ್ಟರು. ಕೊನೆಗೆ ಅಂಗಳ ಕಾಣದ ಹೊಸ ಜೋಡಿಯೊಂದನ್ನು ತರಿಸಿ, ಅರಿಶಿನದ ನೀರು ಚಿಮುಕಿಸಿ ಒಳಗೆ ತಂದೆವು. ಹೊರಗಿನದಕ್ಕೂ ಇದಕ್ಕೂ ಅದಲುಬದಲಾಗದಿರಲಿ ಅಂತ ಅತ್ತೆಯವರು ಒಳಗಿನ ಜೋಡಿಯ ಪಟ್ಟಿಗೆ ತಾವೇ ಕೆಂಪು ದಾರ ಕಟ್ಟಿಕೊಂಡಿದ್ದಾರೆ. ದೇವರ ಮನೆಯ ಬಾಗಿಲಿಗೆ ಒಂದು ಕುರ್ಚಿ ಹಾಕಿದ್ದೇನೆ. ಅಲ್ಲೇ ಕೂತು ಹೂವು ಏರಿಸುತ್ತಾರೆ.